ವೆಬ್‌ಸೈಟಿನ ಉತಾರ ಯಾರ ಹೆಸರಿನಲ್ಲಿದೆ?

ಒಣದ್ರಾಕ್ಷಿ ಮಾರಾಟಕ್ಕೆಂದು ನಮ್ಮ ಮನೆಯವರು ಮಾಡಿಸಿದ ವೆಬ್‌ಸೈಟಿಗೆ ಡಾಟ್ ಕಾಮ್ ಹೆಸರೊಂದಿದೆ. ಮೊದಲ ವರ್ಷ ಅದಕ್ಕೆ ಕೊಟ್ಟದ್ದು ತೀರಾ ಕಡಿಮೆ. ಆಮೇಲೆ ಬಿಲ್ಲು ವರ್ಷದಿಂದ ವರ್ಷಕ್ಕೆ ಏರುತ್ತಲೇ ಬಂತು. ಈ ಸಲ ಅದನ್ನು ಸಾಲು ಸಾಲಾಗಿ ಓದಿದೆ. ಹೆಸರಿನ ನವೀಕರಣ ಶುಲ್ಕ, ವಿಳಾಸ ಮುಚ್ಚಿಡುವುದಕ್ಕೆ ಒಂದು ಶುಲ್ಕ, ನಾವು ಕೇಳಿಯೇ ಇರದ ಒಂದು ಸೆಕ್ಯೂರಿಟಿ ಪ್ಯಾಕೇಜು, ಎಲ್ಲದರ ಮೇಲೆ ಶೇ 18 ಜಿಎಸ್‌ಟಿ. ಹೆಸರನ್ನು ಬೇರೆ ಕಂಪನಿಗೆ ವರ್ಗಾಯಿಸುವ ನಿರ್ಧಾರ ಅಂದೇ ಆಯಿತು.

ಈ ದರ ಎಲ್ಲಿಂದ ಹುಟ್ಟುತ್ತದೆ ಎನ್ನುವುದನ್ನು ಗಿರಾಕಿಗೆ ಯಾರೂ ಹೇಳುವುದಿಲ್ಲ. ಡಾಟ್ ಕಾಮ್ ಹೆಸರುಗಳ ಮೂಲ ದಫ್ತರ ಇರುವುದು ಅಮೆರಿಕದ ವೆರಿಸೈನ್ ಕಂಪನಿಯ ಬಳಿ. ನಾವು ಹಣ ಕಟ್ಟುವ ಕಂಪನಿ ರಿಜಿಸ್ಟ್ರಾರ್, ನಡುವಿನ ಮಾರಾಟಗಾರ ಮಾತ್ರ. ಒಂದು ಹೆಸರಿಗೆ ವರ್ಷಕ್ಕೆ ವೆರಿಸೈನ್ ಪಡೆಯುವ ಸಗಟು ದರ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್‌ಗೆ ಏರಿತು. ನಮ್ಮ ಲೆಕ್ಕದಲ್ಲಿ ಸುಮಾರು ₹900. ಜಗತ್ತಿನ ಹೆಸರು ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಗೆ ಹೋಗುವುದು ಕಾಲು ಡಾಲರ್‌ಗಿಂತಲೂ ಕಡಿಮೆ. ಹಾಗಿದ್ದ ಮೇಲೆ ₹900ಕ್ಕಿಂತ ಬಹಳ ಕೆಳಗೆ ಸಿಗುವ ಮೊದಲ ವರ್ಷದ ಹೆಸರು ಗಿರಾಕಿಯನ್ನು ಹಿಡಿಯಲು ಕೊಟ್ಟ ರಿಯಾಯಿತಿ. ಅದು ಮುಂದಿನ ವರ್ಷಗಳ ಬಿಲ್ಲಿನಲ್ಲಿ ವಸೂಲಾಗುತ್ತದೆ. ಡಾಟ್ ಇನ್ ಹೆಸರುಗಳ ದಫ್ತರ ನಮ್ಮ ದೇಶದ ನಿಕ್ಸಿ ಸಂಸ್ಥೆಯದು. ಅಲ್ಲಿಯೂ ಮೊದಲ ವರ್ಷದ ಜಾಹೀರಾತು ನೋಡಬೇಡಿ, ನವೀಕರಣದ ದರ ಕೇಳಿ.

ವರ್ಗಾವಣೆಗೆ ಕಟ್ಟುವ ಹಣ ದಂಡವಲ್ಲ. ಡಾಟ್ ಕಾಮ್ ಹೆಸರು ಹೊಸ ಕಂಪನಿಗೆ ಬಂದಾಗ ಅದರ ಅವಧಿಗೆ ಒಂದು ವರ್ಷ ಸೇರುತ್ತದೆ, ಉಳಿದ ತಿಂಗಳುಗಳು ಹಾಗೆಯೇ ಇರುತ್ತವೆ. ಒಟ್ಟು ಅವಧಿ 10 ವರ್ಷ ಮೀರಬಾರದು, ಅಷ್ಟೇ. ಹೇಗಿದ್ದರೂ ಕಟ್ಟಲೇಬೇಕಾದ ವರ್ಷದ ಹಣವನ್ನು ಕಡಿಮೆ ದರದ ಕಡೆ ಕಟ್ಟಿದಂತಾಯಿತು.

ಕೆಲಸ ಶುರುವಾಗುವುದು ಹಳೆಯ ಖಾತೆಯಲ್ಲಿ. ಅಲ್ಲಿ ಹೆಸರಿಗೆ ಹಾಕಿರುವ ಲಾಕ್ ತೆಗೆಯಬೇಕು, ಆಮೇಲೆ ಆಥ್ ಕೋಡ್ ಎಂಬ ಗುಪ್ತ ಸಂಕೇತ ಪಡೆಯಬೇಕು. ನಮ್ಮ ಹಳೆಯ ಕಂಪನಿಯಲ್ಲಿ ಆ ಗುಂಡಿ ಹುಡುಕುವುದೇ ಕಷ್ಟ. ಫೋನಿನಲ್ಲಿ ಮಾತನಾಡಿದವರು ಪದೇ ಪದೇ ರಿಯಾಯಿತಿಯ ಮಾತೆತ್ತುತ್ತಿದ್ದರು. ಲಾಕ್ ತೆಗೆಯುವುದಕ್ಕೂ ಕೋಡ್ ಕೊಡುವುದಕ್ಕೂ ಕೇಳಿದ 5 ದಿನದೊಳಗೆ ದಾರಿ ಮಾಡಿಕೊಡಬೇಕೆಂಬುದು ಐಕ್ಯಾನ್ ನಿಯಮ. ಆ ನಿಯಮವನ್ನು ಇಮೇಲಿನಲ್ಲಿ ಬರೆದು ಕೇಳಿದೆ, ಕೋಡ್ ಬಂತು. ಹೊಸ ಕಡೆ ಅದನ್ನು ಹಾಕಿ ಹಣ ಕಟ್ಟಿದ ಮೇಲೆ ಹಳೆಯ ಕಂಪನಿಯಿಂದ ಒಂದು ಖಾತ್ರಿ ಪತ್ರ ಬರುತ್ತದೆ. ತಕರಾರು ಮಾಡದಿದ್ದರೆ 5 ದಿನದಲ್ಲಿ ಹೆಸರು ತಾನಾಗಿ ಸಾಗುತ್ತದೆ. ಆ ಪತ್ರ ಹೋಗುವುದು ದಫ್ತರದಲ್ಲಿ ನಮೂದಾದ ಇಮೇಲಿಗೆ. ಆದ್ದರಿಂದ ಆ ವಿಳಾಸ ಚಾಲ್ತಿಯಲ್ಲಿದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿ. ಅದು ಇದೇ ಹೆಸರಿನ ಮೇಲೆ ನಡೆಯುವ ಇಮೇಲ್ ಆಗಿರದಿದ್ದರೆ ಇನ್ನೂ ಒಳ್ಳೆಯದು.

ನನಗೆ ನಿಜವಾದ ಆತಂಕ ಇದ್ದದ್ದು ಆರ್ಡರುಗಳ ಬಗ್ಗೆ. ಹೆಸರು ಒಂದು ಕಡೆ, ಸೈಟಿನ ಪುಟಗಳು ಇನ್ನೊಂದು ಕಡೆ, ಇಮೇಲ್ ಮತ್ತೊಂದು ಕಡೆ ಇರಬಹುದು. ಯಾವುದು ಎಲ್ಲಿದೆ ಎಂದು ತೋರಿಸುವ ಡಿಎನ್‌ಎಸ್ ದಾಖಲೆಗಳು ಹಳೆಯ ಕಂಪನಿಯ ಸರ್ವರಿನಲ್ಲೇ ಇದ್ದರೆ, ಹೆಸರು ಹೊರಟುಹೋದ ಮೇಲೆ ಅವರು ಅವನ್ನು ಅಳಿಸಬಹುದು. ಆಗ ಸೈಟು ತೆರೆಯುವುದಿಲ್ಲ, ಪುಣೆಯ ವ್ಯಾಪಾರಿ ಕಳಿಸಿದ ಇಮೇಲ್ ನಮ್ಮನ್ನು ಮುಟ್ಟುವುದಿಲ್ಲ, ಅವರು ಇನ್ನೊಬ್ಬರಿಗೆ ಫೋನ್ ಮಾಡುತ್ತಾರೆ. ಹೀಗೆ ತಪ್ಪುವ ಒಂದು ಆರ್ಡರಿನ ಮುಂದೆ ಹತ್ತು ವರ್ಷದ ಡೊಮೇನ್ ಶುಲ್ಕವೂ ಸಣ್ಣದು. ಆದ್ದರಿಂದ ವರ್ಗಾವಣೆಗೆ ಕೈ ಹಾಕುವ ಮೊದಲೇ ಆ ದಾಖಲೆಗಳನ್ನೆಲ್ಲ ಬರೆದುಕೊಂಡು, ಬೇರೆ ಡಿಎನ್‌ಎಸ್ ಸೇವೆಯಲ್ಲಿ ಹಾಗೆಯೇ ತುಂಬಿ, ಇಮೇಲ್ ಹೋಗಿ ಬರುವುದನ್ನು ಪರೀಕ್ಷಿಸಿದ ಮೇಲೆಯೇ ಲಾಕ್ ತೆಗೆದೆ. ದೀಪಾವಳಿಯ ಆರ್ಡರುಗಳು ಶುರುವಾಗುವ ಮುಂಚೆ ಇದನ್ನೆಲ್ಲ ಮುಗಿಸಿದ್ದು ಬೇಕೆಂದೇ.

ಅವಧಿ ಮುಗಿಯುವ ವಾರದವರೆಗೂ ಕಾಯಬಾರದು. ಮುಗಿದ ಮೇಲೆ 45 ದಿನದವರೆಗೂ ಸಿಗಬಹುದಾದ ರಿಯಾಯಿತಿ ಕಾಲವಿದೆ, ಆದರೆ ಅದು ಎಷ್ಟು ದಿನ ಎನ್ನುವುದು ಕಂಪನಿಯ ಕೈಯಲ್ಲಿದೆ. ಹೆಸರು ಅಳಿಸಿದ ಮೇಲೂ ಬಿಡಿಸಿಕೊಳ್ಳಲು 30 ದಿನ ಇರುತ್ತದೆ, ದರ ಮಾತ್ರ ಹಲವು ಪಟ್ಟು. ಅದಾಗಿ 5 ದಿನಕ್ಕೆ ಹೆಸರು ಮತ್ತೆ ಮಾರುಕಟ್ಟೆಗೆ ಬರುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ಇಲ್ಲೊಂದು ಹಣದ ಕುಣಿಕೆಯೂ ಇದೆ. ಅವಧಿ ಮುಗಿದ ಮೇಲೆ ಹಳೆಯ ಕಡೆ ನವೀಕರಿಸಿ, ಆ 45 ದಿನದೊಳಗೇ ವರ್ಗಾಯಿಸಿದರೆ, ನವೀಕರಿಸಿದ ವರ್ಷ ರದ್ದಾಗುತ್ತದೆ. ಮೂಲ ದಫ್ತರದಿಂದ ಕಂಪನಿಗೆ ಹಣ ಮರಳಿದರೂ ಕಂಪನಿಯಿಂದ ನಮಗೆ ಮರಳುತ್ತದೆಂಬ ಖಾತ್ರಿಯಿಲ್ಲ.

ವಿಜಯಪುರದ ಭೂತನಾಳ ಕೆರೆಯ ಕಡೆ ಸಂಜೆ ತಿರುಗಾಡಲು ಹೋದಾಗ ಸಿಗುವ ಹಿರಿಯರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಟಿಕೋಟಾ ಕಡೆ ಅವರದೂ ದ್ರಾಕ್ಷಿ ತೋಟ, ಅವರಿಗೂ ಒಂದು ವೆಬ್‌ಸೈಟು. ಮನೆಗೆ ಬಂದು ಹುಡುಕಿ ನೋಡಿದರೆ ಅವರ ಸೈಟಿನ ಹೆಸರು ಅದನ್ನು ಮಾಡಿಕೊಟ್ಟ ಹುಡುಗನ ಖಾತೆಯಲ್ಲಿದೆ, ಮಾಲೀಕನೆಂದು ನಮೂದಾದವನೂ ಅವನೇ.

“ಅಂಗಡಿ ನಂದು, ರೊಕ್ಕ ನಾ ಕೊಟ್ಟೀನಿ, ಹೆಸರ ಅವನ ಕಡೆ ಹ್ಯಾಂಗ ಹೋತು ತಂಗಿ?” ಅಂದರು.

“ಹೊಲದ ರೊಕ್ಕ ಕೊಟ್ಟು ಉತಾರದಾಗ ದಲಾಲಿ ಹೆಸರ ಹಚ್ಚಿಸಿಧಂಗ ಆಗೇತ್ರಿ ಕಾಕಾ,” ಅಂದೆ.

ನಮ್ಮ ಜಿಲ್ಲೆಯ ಸಣ್ಣ ವ್ಯಾಪಾರಿಗಳಿಗೆ ದುಬಾರಿ ಬಿಲ್ಲಿಗಿಂತ ದೊಡ್ಡ ಅಪಾಯ ಇದೇ ಎಂದು ನನಗನ್ನಿಸುತ್ತದೆ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ನಾಳೆ ಅವನು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ನಂಬರು ಬದಲಿಸಿದರೆ, ನವೀಕರಣದ ನೆನಪೋಲೆ ಹೋಗುವುದು ಅವನಿಗೆ. ಕೋಡ್ ಕೇಳುವ ಹಕ್ಕೂ ಅವನದೇ.

ಹಳೆಯ ಹೆಸರನ್ನು ಬಿಟ್ಟುಕೊಡುವ ಅಪಾಯವೂ ಕಡಿಮೆಯದಲ್ಲ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ವಿಳಾಸದಲ್ಲಿ ಹಳೆಯ ಊರ ಹೆಸರಿದ್ದವರು ಹೊಸದನ್ನು ಕೊಂಡರೂ ಹಳೆಯದಕ್ಕೆ ವರ್ಷ ವರ್ಷ ಹಣ ಕಟ್ಟುವುದೇ ಲೇಸು. ಬ್ಯಾಂಕುಗಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಸೇರಬೇಕೆಂದು ರಿಸರ್ವ್ ಬ್ಯಾಂಕ್ ಆ ವರ್ಷದ ಏಪ್ರಿಲ್ 22ರಂದು ಆದೇಶಿಸಿತು. ಆ ಹೆಸರು ಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ಬ್ಯಾಂಕೊಂದು ಹಣ ಉಳಿಸಲು ಹಳೆಯ ವಿಳಾಸ ಕೈಬಿಟ್ಟರೆ, ಅದನ್ನು ಕೊಂಡವರು ನಕಲಿ ಲಾಗಿನ್ ಪುಟ ತೆರೆದು ಕೂರಬಹುದು. ನಿಮ್ಮ ಸಹಕಾರಿ ಬ್ಯಾಂಕಿನ ಸರ್ವಸದಸ್ಯರ ಸಭೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯಿದು.

ಕಾಕಾ ಅವರ ಸೈಟು ಮಾಡಿಕೊಟ್ಟ ಹುಡುಗ ಸಿಕ್ಕಿದ್ದಾನೆ, ಹೆಸರು ಬಿಟ್ಟುಕೊಡಲು ಒಪ್ಪಿದ್ದಾನೆ. ಮಾಲೀಕನ ಹೆಸರನ್ನು ಮೊದಲು ಬದಲಿಸಿದರೆ 60 ದಿನ ವರ್ಗಾವಣೆಗೆ ತಡೆ ಬೀಳಬಹುದು. ಅದಕ್ಕೇ ಮೊದಲು ಅವನ ಒಪ್ಪಿಗೆಯಿಂದ ಕೋಡ್ ಪಡೆದು ಹೆಸರನ್ನು ಕಾಕಾ ತೆರೆದಿರುವ ಹೊಸ ಖಾತೆಗೆ ತರುತ್ತೇವೆ, ಮಾಲೀಕರ ಜಾಗದಲ್ಲಿ ಕಾಕಾ ಹೆಸರು ಬರೆಸುವುದು ಆಮೇಲೆ. ಅವಧಿ ಮುಗಿಯುವುದು ಮಾರ್ಚ್‌ನಲ್ಲಿ, ದ್ರಾಕ್ಷಿ ಕಟಾವಿನ ನಡುವೆ. ಆಗ ಈ ಕೆಲಸಕ್ಕೆ ಯಾರಿಗೂ ಬಿಡುವಿರುವುದಿಲ್ಲ, ಈಗಲೇ ಮುಗಿಸುತ್ತಿದ್ದೇವೆ.