ಥಾಯ್ ಅಂಗಮರ್ದನ: ಚಾಪೆಯ ಮೇಲೆ ದೇಹಕ್ಕೆ ಆಗುವುದೇನು?

ಎಣ್ಣೆಯಿಲ್ಲದ ಅಂಗಮರ್ದನವನ್ನು ಕಲ್ಪಿಸಿಕೊಳ್ಳುವುದು ನಮ್ಮ ಜನಕ್ಕೆ ಸ್ವಲ್ಪ ಕಷ್ಟ. ಅಭ್ಯಂಜನವೆಂದೊಡನೆ ಬಿಸಿಮಾಡಿದ ಎಳ್ಳೆಣ್ಣೆಯೋ ಹರಳೆಣ್ಣೆಯೋ, ಅದರ ಹಿಂದೆಯೇ ಹಂಡೆಯ ಬಿಸಿನೀರೋ ನೆನಪಿಗೆ ಬರುತ್ತವೆ. ಆದರೆ ಥಾಯ್ಲೆಂಡಿನ ಸಾಂಪ್ರದಾಯಿಕ ಅಂಗಮರ್ದನದಲ್ಲಿ ಎಣ್ಣೆಗೆ ಸ್ಥಾನವಿಲ್ಲ. ಮೈಮೇಲಿನ ಬಟ್ಟೆಯನ್ನು ಕಳಚಬೇಕಾಗಿಲ್ಲ. ಅಂಗಡಿಯವರೇ ಕೊಡುವ ಸಡಿಲವಾದ ಅಂಗಿ, ಷರಾಯಿಗಳನ್ನು ತೊಟ್ಟು ನೆಲದ ಮೇಲಿನ ತೆಳ್ಳನೆಯ ಹಾಸಿಗೆಯಲ್ಲಿ ಮಲಗಿದರಾಯಿತು. ಬ್ಯಾಂಕಾಕಿಗೆ ಮೊದಲ ಸಲ ಹೋದ ಪ್ರವಾಸಿಯು ಇನ್ನೇನು ಹಾಯಾಗಿ ನಿದ್ರೆ ಬರುವುದೆಂದು ಕಣ್ಣು ಮುಚ್ಚುತ್ತಾನೆ. ಸ್ವಲ್ಪ ಹೊತ್ತಿನಲ್ಲಿಯೇ ಅವನ ತೊಡೆಯ ಮೇಲೆ ಮೊಣಕಾಲೂ, ಭುಜದ ಮೇಲೆ ಮೊಣಕೈಯೂ ಊರಿರುತ್ತವೆ. ಹೀಗೆ ಒತ್ತಿದಾಗ, ಎಳೆದಾಗ, ತಿರುಚಿದಾಗ ದೇಹದೊಳಗೆ ನಡೆಯುವುದಾದರೂ ಏನು? ಅದರಲ್ಲಿ ಎಷ್ಟು ಹಿತ, ಎಷ್ಟು ಅಪಾಯ? ಇದನ್ನು ನಾವಿಲ್ಲಿ ವಿಚಾರ ಮಾಡೋಣ.

ಈ ವಿದ್ಯೆಯನ್ನು ಥಾಯ್ ಜನರು ‘ನುವತ್ ಫೆನ್ ಬೋರಾನ್’ ಎನ್ನುತ್ತಾರೆ. ನುವತ್ ಎಂದರೆ ಒತ್ತುವುದು, ಫೆನ್ ಎಂದರೆ ಪದ್ಧತಿ. ಬೋರಾನ್ ಎಂಬುದು ಪಾಳಿಯ ‘ಪೋರಾಣ’ ಶಬ್ದದಿಂದ ಬಂದದ್ದು, ನಮ್ಮ ಪುರಾಣದ ಬಂಧು. ಬುದ್ಧನ ಕಾಲದ ವೈದ್ಯನೆಂದು ಪ್ರಸಿದ್ಧನಾದ ಜೀವಕನನ್ನು ಅವರು ಈ ವಿದ್ಯೆಯ ಆದಿಗುರುವೆಂದು ವಂದಿಸುತ್ತಾರೆ. ಇದು ಶ್ರದ್ಧೆಯ ಮಾತು, ಚರಿತ್ರೆಯ ಮಾತಲ್ಲ. ಚರಿತ್ರೆಗೆ ದೊರೆಯುವ ಸಾಕ್ಷ್ಯ ಇನ್ನೂ ಈಚಿನದು. 1687ರಲ್ಲಿ ಸಯಾಮಿಗೆ ಬಂದ ಫ್ರೆಂಚ್ ರಾಯಭಾರಿ ಲ ಲೂಬೇರ್ ಎಂಬಾತನು, ಅಲ್ಲಿ ಕಾಯಿಲೆ ಬಿದ್ದವನ ಮೈಯನ್ನು ನುರಿತವರು ನಾದುತ್ತಾರೆಂದೂ ಮೇಲೆ ಹತ್ತಿ ತುಳಿಯುತ್ತಾರೆಂದೂ ಬೆರಗಿನಿಂದ ಬರೆದಿದ್ದಾನೆ. 1767ರಲ್ಲಿ ಬರ್ಮೀಯರ ಸೈನ್ಯವು ರಾಜಧಾನಿ ಅಯುತ್ಥಯವನ್ನು ನಾಶಮಾಡಿದಾಗ ಅಲ್ಲಿನ ಗ್ರಂಥಸಂಪತ್ತು ಬಹುಮಟ್ಟಿಗೆ ಹಾಳಾಯಿತು. ಮುಂದೆ ಮೂರನೆಯ ರಾಮನೆಂಬ ದೊರೆಯು (ಆಳ್ವಿಕೆ 1824-1851) ಬ್ಯಾಂಕಾಕಿನ ವಾಟ್ ಫೋ ವಿಹಾರವನ್ನು ಜೀರ್ಣೋದ್ಧಾರ ಮಾಡಿಸುವಾಗ, ಉಳಿದ ವೈದ್ಯಜ್ಞಾನವನ್ನು ಶಿಲೆಯ ಮೇಲೆ ಕೆತ್ತಿಸಿದನು. ಒತ್ತಬೇಕಾದ ಸ್ಥಾನಗಳನ್ನು ಗುರುತಿಸಿದ ಅರವತ್ತು ಮಾನವಾಕೃತಿಗಳು ಅಲ್ಲಿವೆ. ಓಲೆಯ ಗರಿ ಸುಟ್ಟುಹೋಗಬಹುದು, ಕಲ್ಲು ಅಷ್ಟು ಸುಲಭವಾಗಿ ಹೋಗದು. ಅದೇ ವಿಹಾರದಲ್ಲಿ 1955ರಲ್ಲಿ ಸಾಂಪ್ರದಾಯಿಕ ವೈದ್ಯಶಾಲೆಯೊಂದು ಆರಂಭವಾಯಿತು. 2019ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಆಕೃತಿಗಳ ಮೇಲೆ ಎಳೆದ ಗೆರೆಗಳಿಗೆ ‘ಸೆನ್’ ಎಂದು ಹೆಸರು. ಮುಖ್ಯವಾದವು ಹತ್ತು, ಎಲ್ಲವೂ ಹೊಕ್ಕುಳಿನ ಸುತ್ತಮುತ್ತ ಹುಟ್ಟಿ ಕೈಕಾಲು, ಕಣ್ಣು, ಕಿವಿಗಳವರೆಗೆ ಹರಿಯುತ್ತವೆಂದೂ ಅವುಗಳಲ್ಲಿ ‘ಲೋಮ್’, ಅಂದರೆ ವಾಯು, ಸಂಚರಿಸುತ್ತದೆಂದೂ ಹೇಳುತ್ತಾರೆ. ಮೊದಲ ಮೂರರ ಹೆಸರು ಇತ್ಥಾ, ಪಿಂಗಖಲಾ, ಸುಮನಾ. ನಮ್ಮ ಯೋಗಶಾಸ್ತ್ರದ ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳು ವೇಷ ಬದಲಿಸಿ ಸಮುದ್ರ ದಾಟಿರುವುದನ್ನು ಓದುಗರು ಕೂಡಲೇ ಗುರುತಿಸಿಯಾರು. ಆದರೆ ಅಂಗರಚನಾಶಾಸ್ತ್ರಜ್ಞನು ಶವವನ್ನು ಛೇದಿಸಿ ನೋಡಿದಾಗ ಈ ಹತ್ತು ನಾಳಗಳು ಕಾಣಸಿಗುವುದಿಲ್ಲ. ಕಾಣುವುದು ಸ್ನಾಯು, ನರ, ರಕ್ತನಾಳಗಳೇ. ಹಾಗೆಂದು ಗೆರೆಗಳನ್ನು ನಗೆಗೀಡುಮಾಡಬೇಕಾಗಿಲ್ಲ. ಕೈಯ ಕೆಲಸವನ್ನು ನೆನಪಿನಲ್ಲಿಡಲು ಅವು ಒಳ್ಳೆಯ ನಕ್ಷೆ. ನಕ್ಷೆಯಲ್ಲಿನ ಗೆರೆಯನ್ನೇ ನದಿಯೆಂದು ತಿಳಿಯಬಾರದು, ಅಷ್ಟೆ.

ಇನ್ನು ಕ್ರಮಕ್ಕೆ ಬರೋಣ. ಮೊದಲು ಪ್ರವಾಸಿಯ ಪಾದಗಳನ್ನು ತೊಳೆಯುತ್ತಾರೆ. ಬಳಿಕ ಅಂಗಮರ್ದಕರು ಗುರುವಿಗೆ ಕೈಮುಗಿದು ಪಾದದಿಂದ ಆರಂಭಿಸಿ ಮೇಲಕ್ಕೆ ಸಾಗುತ್ತಾರೆ. ಅಂಗಾತ, ಮಗ್ಗುಲು, ಬೋರಲು, ಕೊನೆಗೆ ಕುಳಿತ ಭಂಗಿ. ಎಲ್ಲ ಸೇರಿ ಒಂದರಿಂದ ಎರಡು ಗಂಟೆಗಳ ಕಾಲ. ಅರಮನೆಯ ಸಂಪ್ರದಾಯದಲ್ಲಿ ಮರ್ಯಾದೆಯ ದೂರದಲ್ಲಿ ಕುಳಿತು ಕೈಗಳಿಂದ ಮಾತ್ರ ಒತ್ತುವುದು ಪದ್ಧತಿ. ಹಳ್ಳಿಗಾಡಿನ ಸಂಪ್ರದಾಯಕ್ಕೆ ಅಂಥ ಸಂಕೋಚವಿಲ್ಲ. ಮೊಣಕೈ, ಮೊಣಕಾಲು, ಅಂಗಾಲು, ಎಲ್ಲವೂ ಉಪಕರಣಗಳೇ. ಪ್ರವಾಸಿಗೆ ಸಾಮಾನ್ಯವಾಗಿ ದೊರೆಯುವುದು ಇವೆರಡರ ಬೆರಕೆ.

ಸಣ್ಣ ಮೈಕಟ್ಟಿನ ಹೆಂಗಸೊಬ್ಬಳು ದಾಂಡಿಗನಾದ ಗಂಡಸನ್ನು ‘ಅಯ್ಯೋ’ ಎನ್ನಿಸುವುದು ಹೇಗೆ? ಅವಳು ತೋಳಿನ ಬಲವನ್ನು ಬಳಸುವುದೇ ಇಲ್ಲ. ತೋಳನ್ನು ನೆಟ್ಟಗೆ ಚಾಚಿ ತನ್ನ ಭಾರವನ್ನು ಮುಂದಕ್ಕೆ ವಾಲಿಸುತ್ತಾಳೆ. ಉಳಿದದ್ದನ್ನು ಭೌತಶಾಸ್ತ್ರ ನೋಡಿಕೊಳ್ಳುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಮೊತ್ತವಷ್ಟೆ. ಅವಳು 10 ಕಿಲೋಗ್ರಾಂ ಭಾರವನ್ನು 80 ಚದರ ಸೆಂಟಿಮೀಟರ್ ಅಗಲದ ಅಂಗೈಯ ಮೂಲಕ ಹೇರಿದಳೆನ್ನೋಣ. ಆಗ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವುದು 125 ಗ್ರಾಂ. ಅದೇ ಭಾರವನ್ನು 4 ಚದರ ಸೆಂಟಿಮೀಟರಿನ ಹೆಬ್ಬೆರಳ ತುದಿಯಿಂದ ಹೇರಿದರೆ 2,500 ಗ್ರಾಂ, ಎಂದರೆ ಇಪ್ಪತ್ತು ಪಟ್ಟು! ಮೊಣಕೈಯ ಮೊನೆಯ ವಿಷಯವನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು.

ಒತ್ತಿದ ಕಡೆ ನೋವಾಗುತ್ತದೆ. ಆದರೆ ಅದು ವಿಚಿತ್ರವಾಗಿ ಹಿತವೂ ಆಗಿರುತ್ತದೆ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಇದನ್ನು ತಿಳಿಯಲು ನೆರವಾಗುವ ಸಿದ್ಧಾಂತವೊಂದನ್ನು ಮುಂದಿಟ್ಟರು. ಮಿದುಳುಬಳ್ಳಿಯಲ್ಲಿ ಒಂದು ಬಗೆಯ ಬಾಗಿಲಿದೆ. ಸ್ಪರ್ಶ ಮತ್ತು ಒತ್ತಡಗಳ ಸುದ್ದಿಯನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದರೆ, ನೋವಿನ ಸುದ್ದಿಯನ್ನು ತರುವ ತೆಳು ತಂತುಗಳಿಗೆ ಆ ಬಾಗಿಲು ಅರ್ಧ ಮುಚ್ಚುತ್ತದೆ ಎಂಬುದು ಅದರ ಸಾರ. ವಿವರಗಳು ಆಮೇಲೆ ತಿದ್ದುಪಡಿಯಾಗಿವೆಯಾದರೂ ಮೂಲಭಾವನೆ ಉಳಿದಿದೆ. ಕಾಲು ಎಡವಿದೊಡನೆ ನಾವು ಬೆರಳನ್ನು ಒತ್ತಿ ಹಿಡಿಯುವುದೂ ಇದೇ ನ್ಯಾಯದಿಂದ. ಆದರೆ ಚುಚ್ಚಿದಂತೆ, ವಿದ್ಯುತ್ತು ಹರಿದಂತೆ ನೋವು ಹುಟ್ಟಿ ಕೈಕಾಲಿನ ತುದಿಯತ್ತ ಓಡಿದರೆ ಅದು ನರವು ಅಮುಕಿಕೊಂಡುದರ ಸೂಚನೆ. ಅದನ್ನು ಹಲ್ಲುಕಚ್ಚಿ ಸಹಿಸುವುದು ಶೌರ್ಯವಲ್ಲ. ‘ಜೆಪ್’ ಎಂದರೆ ನೋವು. ‘ಬಾವ್ ಬಾವ್’ ಎಂದರೆ ಮೆಲ್ಲಗೆ. ಈ ಎರಡು ಮಾತು ಬಂದರೆ ಬೇರೆ ಥಾಯ್ ಭಾಷೆ ಬಾರದಿದ್ದರೂ ನಡೆಯುತ್ತದೆ. ಅಂಗಮರ್ದಕರು ಇದರಿಂದ ಬೇಸರಪಡುವುದಿಲ್ಲ.

ಎಲ್ಲಕ್ಕಿಂತ ಕುತೂಹಲಕಾರಿಯಾದ ಕ್ರಿಯೆ ‘ವಾಯುದ್ವಾರವನ್ನು ತೆರೆಯುವುದು’. ಥಾಯ್ ಭಾಷೆಯಲ್ಲಿ ‘ಪ್ರತು ಲೋಮ್’ ಎಂದರೆ ಗಾಳಿಯ ಬಾಗಿಲು. ತೊಡೆಸಂದಿಯಲ್ಲಿ ನಾಡಿ ಮಿಡಿಯುವ ಎಡೆಯಲ್ಲಿ ಅಂಗೈಯ ಬುಡವನ್ನು ಊರಿ, ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಒತ್ತಿ ಹಿಡಿದು, ಮೆಲ್ಲನೆ ಬಿಡುತ್ತಾರೆ. ಬಿಟ್ಟೊಡನೆ ಬೆಚ್ಚನೆಯ ಪ್ರವಾಹವೊಂದು ಪಾದದವರೆಗೆ ಇಳಿದ ಅನುಭವವಾಗುತ್ತದೆ. ವಾಯು ಹರಿಯಿತೆಂದು ಸಂಪ್ರದಾಯವು ಹೇಳುತ್ತದೆ. ಹರಿದದ್ದು ರಕ್ತ. ಅಲ್ಲಿ ಇಡೀ ಕಾಲಿಗೆ ರಕ್ತವನ್ನು ಒದಗಿಸುವ ದೊಡ್ಡ ಅಪಧಮನಿಯಿದೆ. ರಕ್ತದೊತ್ತಡ 120 ಮಿಲಿಮೀಟರ್ ಪಾದರಸವೆಂದರೆ ಚದರ ಸೆಂಟಿಮೀಟರಿಗೆ ಸುಮಾರು 163 ಗ್ರಾಂ. 30 ಚದರ ಸೆಂಟಿಮೀಟರಿನ ಅಂಗೈ ಬುಡದಿಂದ 10 ಕಿಲೋಗ್ರಾಂ ಹೇರಿದರೆ 333 ಗ್ರಾಂ. ಆಳಕ್ಕಿಳಿದಂತೆ ಒತ್ತಡವು ಹಂಚಿಹೋದರೂ ಪ್ರವಾಹವನ್ನು ತಡೆಯಲು ಇದು ಸಾಲುತ್ತದೆ. ರಕ್ತ ತಡೆದಾಗ ಸ್ನಾಯುಗಳಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡು, ಅಡಿನೊಸಿನ್ ಮುಂತಾದುವು ಸಂಚಯವಾಗುತ್ತವೆ. ಇವು ಕಿರಿಯ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಒತ್ತಡ ತೆಗೆದೊಡನೆ, ಹಿಗ್ಗಿದ ಹಾದಿಯಲ್ಲಿ ಎಂದಿಗಿಂತ ಹೆಚ್ಚು ರಕ್ತ ನುಗ್ಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಹೃದ್ರೋಗ, ಅಧಿಕ ರಕ್ತದೊತ್ತಡ, ಉಬ್ಬಿದ ಅಭಿಧಮನಿಗಳು ಇರುವವರು ಈ ಒಂದು ಕ್ರಿಯೆಯನ್ನು ಬೇಡವೆನ್ನುವುದು ಲೇಸು. ಆರೋಗ್ಯವಂತರು ಬೇಡವೆಂದರೂ ನಷ್ಟವೇನಿಲ್ಲ.

ಕೊನೆಯ ಭಾಗದಲ್ಲಿ ಕೈಕಾಲುಗಳನ್ನು ಎಳೆದು, ಬೆನ್ನನ್ನು ಬಾಗಿಸುತ್ತಾರೆ. ಆಗ ಮೈ ಹಗುರಾಗಿ ಹೆಚ್ಚು ಬಾಗುವುದು ನಿಜ; ಆದರೆ ಅಷ್ಟರಲ್ಲಿ ಸ್ನಾಯು ಉದ್ದವಾಗಿರುವುದಿಲ್ಲ, ಎಳೆತವನ್ನು ಸಹಿಸುವ ಶಕ್ತಿ ನರಮಂಡಲದಲ್ಲಿ ಹೆಚ್ಚಿರುತ್ತದೆ. ನೆಟಿಗೆ ಮುರಿದ ಸದ್ದಿನಲ್ಲಿಯೂ ಎಲುಬು ಸ್ಥಾನಕ್ಕೆ ಕೂರುವ ಸಂಗತಿಯಿಲ್ಲ. ಕೀಲಿನ ದ್ರವದಲ್ಲಿ ಒತ್ತಡ ಥಟ್ಟನೆ ತಗ್ಗಿ ಅನಿಲದ ಪೊಟರೆಯೊಂದು ಉಂಟಾಗುವುದನ್ನು 2015ರಲ್ಲಿ ಕೆನಡಾದ ಸಂಶೋಧಕರು ಎಂ.ಆರ್.ಐ. ಚಿತ್ರಗಳಲ್ಲಿ ಕಂಡರು. ಆದರೆ ಕುತ್ತಿಗೆಯ ವಿಷಯ ಬೇರೆ. ಮಿದುಳಿಗೆ ಹೋಗುವ ಎರಡು ಅಪಧಮನಿಗಳು ಅಲ್ಲಿನ ಕಶೇರುಗಳ ರಂಧ್ರಗಳ ಮೂಲಕ ಹಾದುಹೋಗುತ್ತವೆ. ರಭಸದಿಂದ ಕತ್ತು ತಿರುಚಿದಾಗ ಅವುಗಳ ಒಳಪದರ ಹರಿಯುವುದು ವಿರಳವಾದರೂ ಘೋರ. ಪಾರ್ಶ್ವವಾಯುವಿಗೆ ಅದು ದಾರಿಯಾಗಬಲ್ಲುದು. ಕತ್ತನ್ನು ಝಾಡಿಸಬೇಡಿರೆಂದು ಮೊದಲೇ ಹೇಳುವುದರಲ್ಲಿ ಸಂಕೋಚವೇಕೆ?

ಹಾಗಾದರೆ ಪ್ರಯೋಜನವೆಷ್ಟು? 2005ರಲ್ಲಿ ಪ್ರಕಟವಾದ ಥಾಯ್ ಸಂಶೋಧಕರ ಅಧ್ಯಯನವೊಂದರಲ್ಲಿ ಬೆನ್ನುನೋವಿನ ರೋಗಿಗಳಲ್ಲಿ ಕೆಲವರಿಗೆ ಥಾಯ್ ಪದ್ಧತಿಯಂತೆಯೂ ಉಳಿದವರಿಗೆ ಎಣ್ಣೆ ಹಚ್ಚುವ ಸ್ವೀಡಿಷ್ ಪದ್ಧತಿಯಂತೆಯೂ ಅಂಗಮರ್ದನ ಮಾಡಿದರು. ಎರಡು ಗುಂಪುಗಳಲ್ಲಿಯೂ ನೋವು ಕಡಿಮೆಯಾಯಿತು, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಸ್ವೀಡಿಷ್ ಪದ್ಧತಿಗೆ ಹತ್ತು ಗೆರೆಗಳ ಪರಿಚಯವೇ ಇಲ್ಲ! ಉಪಶಮನ ನಿಜ, ಅದಕ್ಕೆ ಹೇಳುವ ಕಾರಣ ಬೇರೆಯಿರಬೇಕು ಎಂದು ನಾವು ಇದರಿಂದ ಊಹಿಸಬಹುದು. ದೇಹದ ವಿಷವೆಲ್ಲ ಹೊರಹೋಗುತ್ತದೆಂಬ ಜಾಹೀರಾತನ್ನು ಮಾತ್ರ ನಂಬಲಾಗದು. ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡಗಳಿವೆ. ಅವನ್ನು ಯಾರೂ ಹೆಬ್ಬೆರಳಿನಿಂದ ಚುರುಕುಗೊಳಿಸಲಾರರು.

ಪ್ರವಾಸಿಗಳು ವಿಶೇಷವಾಗಿ ಗಮನಿಸಬೇಕಾದ ಅಪಾಯವೊಂದಿದೆ. ನಾಲ್ಕು ಗಂಟೆಗೂ ಮೀರಿ ವಿಮಾನದಲ್ಲಿ ಕುಳಿತೇ ಇದ್ದವರ ಕಾಲಿನ ಆಳದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಒಂದೇ ಮೀನಖಂಡ ಊದಿಕೊಂಡು, ಬೆಚ್ಚಗಾಗಿ, ಮುಟ್ಟಿದರೆ ನೋಯುತ್ತದೆ. ಪ್ರಯಾಣದ ಬೇನೆಯೆಂದು ತಿಳಿದು ಅದನ್ನೇ ಒತ್ತಿಸಿಕೊಂಡರೆ ಹೆಪ್ಪು ಕಳಚಿ, ಹೃದಯದ ಬಲಭಾಗವನ್ನು ಹಾದು, ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿಬಿಡಬಹುದು. ಅಂಥವರು ಹೋಗಬೇಕಾದದ್ದು ಆಸ್ಪತ್ರೆಗೆ. ಎಲುಬು ಸವೆದ ವೃದ್ಧರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು, ರಕ್ತ ಹೆಪ್ಪುಗಟ್ಟದಂತೆ ಔಷಧಿ ತೆಗೆದುಕೊಳ್ಳುವವರು, ಜ್ವರವಿರುವವರು ಸಹ ಇದರಿಂದ ದೂರವಿರಬೇಕು. ಗರ್ಭಿಣಿಯರು ವೈದ್ಯರನ್ನು ಕೇಳದೆ ಹೋಗಬಾರದು.

ಮುಗಿದ ಮೇಲೆ ಒಂದು ಬಟ್ಟಲು ಚಹ ಕೊಡುವುದು ಅನೇಕ ಕಡೆ ವಾಡಿಕೆ. ಅದನ್ನು ಕುಳಿತೇ ಕುಡಿಯಬೇಕು. ಬಹಳ ಹೊತ್ತು ಮಲಗಿದ್ದು ಥಟ್ಟನೆ ಎದ್ದರೆ ರಕ್ತವು ಕಾಲಿನತ್ತ ಇಳಿದು ತಲೆ ಸುತ್ತುವುದುಂಟು. ಮರುದಿನ ಮೈಕೈ ನೋವು ಕಾಣಿಸಿಕೊಂಡರೆ ಗಾಬರಿಯಾಗಬೇಕಾಗಿಲ್ಲ. ಹೊಸದಾಗಿ ಗರಡಿಗೆ ಇಳಿದವನ ನೋವಿನಂತೆಯೇ ಅದೂ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಇಳಿಯದೆ ಕೈಯೋ ಕಾಲೋ ಜೋಮುಹಿಡಿದು ಬಲಗುಂದಿದರೆ ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು.