ಶೇಷ ಉಳಿದರೆ ಚಿತ್ರ ಕುಪ್ಪಳಿಸುತ್ತದೆ

ಬೀದರದ ನೆಹರು ಕ್ರೀಡಾಂಗಣದಲ್ಲಿ ಭಾಲ್ಕಿ, ಔರಾದ ಮಕ್ಕಳ ಓಟವನ್ನು ಮೊಬೈಲಿನಲ್ಲಿ ತೆಗೆದೆವು ಅನ್ನೋಣ. ವಿಡಿಯೊ ಎಂದರೆ ಒಂದರ ಹಿಂದೊಂದು ಬರುವ ನಿಂತ ಚಿತ್ರಗಳು. ಮೊಬೈಲಿನಲ್ಲಿ ಸೆಕೆಂಡಿಗೆ 60 ಚಿತ್ರ. ನಮ್ಮ ದೇಶದ ಟಿ.ವಿ. ಪದ್ಧತಿಯಲ್ಲಿ 25.

60ನ್ನು 25ರಿಂದ ಭಾಗಿಸಿ ನೋಡ್ರಿ: 2.4. ಚಿತ್ರವನ್ನು ತುಂಡು ಮಾಡಲು ಬರೋದಿಲ್ಲ. ಆದ್ದರಿಂದ ಒಮ್ಮೆ 2, ಒಮ್ಮೆ 3 ಚಿತ್ರ ಮುಂದೆ ಹಾರಬೇಕು. ಓಡುವವರು ಕುಪ್ಪಳಿಸಿದಂಗ ಕಾಣ್ತಾರ.

ಉಪಾಯ: 60ನ್ನು 30 ಮಾಡಿರಿ. ಒಂದು ಬಿಟ್ಟು ಒಂದು ಚಿತ್ರ ಇಟ್ಟರೆ ಓಟ ಸರಾಗ. 25 ಬೇಕಿದ್ದರೆ ಮೊದಲೇ 50ರಲ್ಲಿ ತೆಗೆಯಿರಿ.

ಆದರೆ ಮೂಲ ವಿಡಿಯೊ ಅಳಿಸಬೇಡಿರಿ. ಸೆಕೆಂಡಿಗೆ 6 ಮೀಟರ್ ಓಡುವವನು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ 10 ಸೆಂ.ಮೀ. ಮುಂದೆ ಹೋಗಿರ್ತಾನ. ಗೆರೆ ಮೊದಲು ದಾಟಿದವರು ಯಾರೆಂಬ ಜಗಳಕ್ಕೆ ಉತ್ತರ, ನಾವು ಬಿಟ್ಟ ಚಿತ್ರದಲ್ಲೇ ಇರಬಹುದು!