ದಿಂಬಂ ತಿರುವಿಗೂ ಬೇಕು, ಬೆನ್ನಿಗೂ ಹಿತವಿರಬೇಕು

ದೊಡ್ಡಗಾಜನೂರಿನ ಓದುಗರೇ, ಕಾರನ್ನು 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಬೇಡವೇ ಬೇಡ. ದಿಂಬಂ ಘಾಟಿಯ 27 ತಿರುವುಗಳಲ್ಲಿ ಕಾರು ವಾಲದೆ ಸಾಗಬೇಕೆಂಬ ನಿಮ್ಮ ಆಸೆ ನ್ಯಾಯವೇ. ಅದಕ್ಕೆ 20ರಿಂದ 25 ಮಿ.ಮೀ. ಸಾಕು.

ಸ್ಪ್ರಿಂಗ್ ಗಡಸಾದರಷ್ಟೇ ಸವಾರಿ ಕೆಡುವುದಲ್ಲ. ಕಾರು ತಗ್ಗಿದಷ್ಟೂ ಚಕ್ರ ಮೇಲೇರಲು ಉಳಿಯುವ ಜಾಗ ಕಡಿಮೆ. ಗುಂಡಿಗೆ ಇಳಿದೊಡನೆ, ಚಕ್ರದ ಏರಿಕೆಯನ್ನು ತಡೆಯುವ ಬಂಪ್ ಸ್ಟಾಪ್ ಬಡಿಯುತ್ತದೆ. ಬೆನ್ನಿಗೆ ತಗಲುವ ಪೆಟ್ಟು ಅದು. ಕೊಳ್ಳುವ ಮೊದಲೇ ಪರೀಕ್ಷಿಸಿ: ಶಾಕ್ ಅಬ್ಸಾರ್ಬರ್‌ನ ದೂಳುಗವಚ ಸರಿಸಿ, ಹೊಳೆಯುವ ದಂಡಕ್ಕೆ ಬುಡದಲ್ಲಿ ಪ್ಲಾಸ್ಟಿಕ್ ಟೈ ಬಿಗಿಯಿರಿ. ಘಾಟಿಯ ಬುಡದ ಬಣ್ಣಾರಿಗೆ ಇಳಿದು ಹತ್ತಿ ಬನ್ನಿ. ಟೈ ಬಂಪ್ ಸ್ಟಾಪ್‌ವರೆಗೂ ಏರಿದ್ದರೆ ತಗ್ಗಿಸಲು ಜಾಗವೇ ಇಲ್ಲ.

ಜಾಗವಿದ್ದರೆ ಪ್ರೋಗ್ರೆಸಿವ್ ಸ್ಪ್ರಿಂಗ್ ಕೇಳಿ. ಅದರ ಕೆಲವು ಸುರುಳಿಗಳು ಒತ್ತೊತ್ತಾಗಿ, ಉಳಿದವು ಬಿಡಿಬಿಡಿಯಾಗಿ ಇರುತ್ತವೆ. ಸಣ್ಣ ಕುಲುಕಿಗೆ ಮೃದು, ಭಾರ ಬಿದ್ದಂತೆ ಗಡಸು. ಎಣ್ಣೆ ಜಿನುಗುವ ಹಳೇ ಶಾಕ್ ಜೊತೆ ಹಾಕಿದರೆ ಮಾತ್ರ ಕಾರು ಕುಣಿಯುತ್ತಲೇ ಇರುತ್ತದೆ, ದುಡ್ಡು ದಂಡ. ತೆಳು ಟೈರಿನ ಮೋಹವನ್ನೂ ಬಿಡಿ. ಇರುವ ಸ್ಪ್ರಿಂಗನ್ನೇ ಕತ್ತರಿಸಿ ಕೊಡುತ್ತೇನೆ ಎನ್ನುವ ಗ್ಯಾರೇಜಿಗೆ ಹೋಗಲೇಬೇಡಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿಗೆ ಮಿತಿ ಹಾಕಿದೆ. ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಮೊದಲು ವಿಚಾರಿಸಿ. ಅಳವಡಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯವಾಗಿ ಮಾಡಿಸಿ.